ಇಪ್ಪತ್ತು ಕಿಲೊ ಇಳಿಸಿಕೊಂಡ ಏರಿಯಲ್

ಇಂಗ್ಲೆಂಡಿನ ದಕ್ಷಿಣಕ್ಕೆ, ಹ್ಯಾಂಪ್‌ಶೈರ್ ಪ್ರಾಂತ್ಯದಲ್ಲಿ ನ್ಯೂ ಮಿಲ್ಟನ್ ಎಂಬ ಊರಿದೆ. ಊರ ಹೊರಗಿನ ಸ್ಯಾಮಿ ಮಿಲ್ಲರ್ ಮ್ಯೂಸಿಯಂನಲ್ಲಿ ನೂರಾರು ಹಳೆಯ ಮೋಟಾರ್ ಸೈಕಲ್‌ಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಗ್ರ್ಯಾನ್ ಪ್ರಿ ಗೆದ್ದ ಯಂತ್ರಗಳಿವೆ, ಜಗತ್ತಿನಲ್ಲಿ ಒಂದೋ ಎರಡೋ ಉಳಿದಿರುವ ಅಪರೂಪದ ಮಾದರಿಗಳಿವೆ. ಅವುಗಳ ನಡುವೆ ಒಂದು ಬೈಕ್ ಮೊದಲ ನೋಟಕ್ಕೆ ಬಡಕಲಾಗಿ ಕಾಣುತ್ತದೆ. ಹೆಡ್‌ಲೈಟ್ ಇಲ್ಲ. ಟ್ಯಾಂಕ್ ಪುಟ್ಟದು. ಸೀಟೆಂದರೆ ಒಂದು ಸಣ್ಣ ದಿಂಬು. ಸೈಲೆನ್ಸರ್ ಕೊಳವೆಯನ್ನು ಕಲ್ಲಿಗೆ ತಾಗದಂತೆ ಮೇಲಕ್ಕೆ ಎತ್ತಿ ಕಟ್ಟಿದೆ. ಈ ಬಡಕಲು ಮೈಯ ನಡುವೆ ಮಾತ್ರ 500 ಸಿಸಿಯ ಎತ್ತರದ ಒಂಟಿ ಸಿಲಿಂಡರ್ ಎಂಜಿನ್ ಎದೆಯುಬ್ಬಿಸಿ ಕೂತಿದೆ. ನಂಬರ್ ಪ್ಲೇಟಿನ ಮೇಲೆ ಜಿಒವಿ 132 ಎಂದಿದೆ. 'ಒವಿ' ಎಂಬ ಅಕ್ಷರಗಳು ಬರ್ಮಿಂಗ್‌ಹ್ಯಾಮ್ ನಗರದ ನೋಂದಣಿ ಗುರುತು; ಬೈಕ್ ಹುಟ್ಟಿದ್ದೂ ಅಲ್ಲಿಯೇ, ಸೆಲ್ಲಿ ಓಕ್ ಬಡಾವಣೆಯ ಏರಿಯಲ್ ಕಾರ್ಖಾನೆಯಲ್ಲಿ. ಟ್ರಯಲ್ಸ್ ಎಂಬ ಆಟದ ಇತಿಹಾಸದಲ್ಲಿ ಇದಕ್ಕಿಂತ ಹೆಸರಾದ ನಂಬರ್ ಪ್ಲೇಟ್ ಇನ್ನೊಂದಿಲ್ಲ.

ಹಳೆಯ ಬೈಕ್‌ಗಳನ್ನು ಮರಳಿ ಕಟ್ಟುವ ಹವ್ಯಾಸ ನಮ್ಮಲ್ಲೂ ಬೆಳೆದಿದೆ. ಬುಲೆಟ್, ಯೆಜ್ಡಿ, ಜಾವಾಗಳನ್ನು ಗುಜರಿಯಿಂದ ಎತ್ತಿ ತಂದು ಜೀವ ತುಂಬುವವರು ಕರ್ನಾಟಕದ ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಆದರೆ ಸ್ಪರ್ಧೆಯ ಬೈಕನ್ನು ಮರಳಿ ಕಟ್ಟುವುದು ಬೇರೆಯೇ ಕೆಲಸ. ಶೋರೂಮಿನಿಂದ ಬಂದ ಬೈಕಿಗೆ ಒಂದು ಮೂಲರೂಪ ಇರುತ್ತದೆ. ಕ್ಯಾಟಲಾಗ್ ತೆರೆದರೆ ಬಣ್ಣ ಯಾವುದು, ಗೆರೆ ಎಲ್ಲಿ ಎಳೆದಿದ್ದರು ಎಂಬುದೆಲ್ಲ ಸಿಗುತ್ತದೆ. ವರ್ಷವಿಡೀ ಕಲ್ಲು ಹತ್ತಿ, ಬಿದ್ದು, ವಾರವಾರವೂ ಕತ್ತರಿಸಿಕೊಂಡು ಬೆಸೆಸಿಕೊಂಡ ಬೈಕಿಗೆ ಮೂಲರೂಪ ಯಾವುದು? ಜಿಒವಿ 132ರ ಕಥೆಯನ್ನು ಹೇಳಬೇಕೆನಿಸಿದ್ದು ಈ ಪ್ರಶ್ನೆಯಿಂದಾಗಿ.

ಮೊದಲು ಆಟದ ಬಗ್ಗೆ ಎರಡು ಮಾತು. ನಮ್ಮಲ್ಲಿ ಕೆಸರು ಹಾರಿಸಿ, ಗಾಳಿಗೆ ನೆಗೆದು ಓಡಿಸುವ ಮೋಟೊಕ್ರಾಸ್ ಹೆಚ್ಚು ಜನರಿಗೆ ಗೊತ್ತು. ಟ್ರಯಲ್ಸ್ ಅದರ ತದ್ವಿರುದ್ಧ. ಇಲ್ಲಿ ಗೆಲುವು ವೇಗಕ್ಕೆ ಸಿಗುವುದಿಲ್ಲ. ಬಂಡೆಗಲ್ಲುಗಳ ಹಳ್ಳ, ಜಾರುವ ಬೇರುಗಳ ದಿಣ್ಣೆ, ಕಡಿದಾದ ಏರು, ಇಂಥ ಒಂದೊಂದು ಜಾಗವನ್ನೂ ಗುರುತು ಹಾಕಿ 'ಸೆಕ್ಷನ್' ಮಾಡಿರುತ್ತಾರೆ. ಸವಾರ ಅದನ್ನು ನೆಲಕ್ಕೆ ಕಾಲೂರದೆ ದಾಟಬೇಕು. ಒಮ್ಮೆ ಕಾಲು ತಾಗಿಸಿದರೆ ಒಂದು ಅಂಕ ನಷ್ಟ, ಮತ್ತೆ ಮತ್ತೆ ಊರಿದರೆ ಮೂರು, ಬೈಕ್ ನಿಂತರೆ ಅಥವಾ ಬಿದ್ದರೆ ಐದು. ಕೊನೆಯಲ್ಲಿ ಯಾರ ಲೆಕ್ಕದಲ್ಲಿ ಕಡಿಮೆ ಅಂಕ ಹೋಗಿದೆಯೋ ಅವರು ಗೆದ್ದಂತೆ. ಪ್ರತಿ ಸೆಕ್ಷನ್ನಿನ ಪಕ್ಕದಲ್ಲೂ ಒಬ್ಬ ವೀಕ್ಷಕ ಮಳೆಯಲ್ಲಿ ನೆನೆಯುತ್ತಾ ನಿಂತು ಸವಾರನ ಕಾಲನ್ನೇ ನೋಡುತ್ತಿರುತ್ತಾನೆ.

ಈ ಆಟದ ಅತಿ ದೊಡ್ಡ ಪರೀಕ್ಷೆ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್. ಮೇ ತಿಂಗಳಲ್ಲಿ, ಫೋರ್ಟ್ ವಿಲಿಯಂ ಸುತ್ತಿನ ಬೆಟ್ಟಗಳಲ್ಲಿ, ಸತತ ಆರು ದಿನ. ಬ್ರಿಟನ್ನಿನ ಅತಿ ಎತ್ತರದ ಬೆನ್ ನೆವಿಸ್ ಪರ್ವತ ಇರುವುದು ಅಲ್ಲೇ. ಬೆಳಿಗ್ಗೆ ಹೊರಟರೆ ರಸ್ತೆ, ಜೌಗು ಬಯಲು, ಕುರಿ ದಾರಿ, ಹೊಳೆ ಎಲ್ಲ ದಾಟಿ ಸಂಜೆಗೆ ಮರಳಬೇಕು, ನಡುವೆ ಸೆಕ್ಷನ್ನುಗಳು. 1961ರಲ್ಲಿ ಗಾರ್ಡನ್ ಜಾಕ್ಸನ್ ಎಂಬ ಸವಾರ 350 ಸಿಸಿಯ ಎಜೆಎಸ್ ಬೈಕಿನಲ್ಲಿ ಈ ಆರು ದಿನಗಳನ್ನು ಒಂದೇ ಒಂದು ಅಂಕ ಕಳೆದುಕೊಂಡು ಮುಗಿಸಿದರು. ಆರು ದಿನದ ಬೆಟ್ಟ, ಬಂಡೆ, ನೀರಿನಲ್ಲಿ ಅವರ ಬೂಟು ಅಂಕದ ಲೆಕ್ಕಕ್ಕೆ ಬರುವಂತೆ ನೆಲ ಮುಟ್ಟಿದ್ದು ಒಮ್ಮೆ. ಆ ಒಂದು ಕ್ಷಣದ ಫೋಟೊ ಕೂಡ ಉಳಿದಿದೆ. ಬ್ರಿಟಿಷ್ ಬೈಕ್ ಪ್ರಿಯರಲ್ಲಿ ಅದು ಇವತ್ತಿಗೂ ಮಾತಿಗೆ ಬರುತ್ತದೆ.

ಇಂಥ ಆಟಕ್ಕೆ 500 ಸಿಸಿಯ ಭಾರಿ ಎಂಜಿನ್ ಯಾಕೆ ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಉತ್ತರ ಅದರ ಸ್ಟ್ರೋಕಿನಲ್ಲಿದೆ. ಏರಿಯಲ್ ಕಂಪನಿ 1930ರ ದಶಕದಿಂದ ಮಾಡುತ್ತಿದ್ದ ರೆಡ್ ಹಂಟರ್ ಎಂಬ ರಸ್ತೆ ಬೈಕಿನ ಎಂಜಿನ್ನೇ ಇದರ ತಾಯಿಬೇರು. ಬೋರ್ 81.8 ಮಿ.ಮೀ., ಸ್ಟ್ರೋಕ್ 95 ಮಿ.ಮೀ. ಪಿಸ್ಟನ್ ಉದ್ದಕ್ಕೆ ಇಳಿದು ಉದ್ದಕ್ಕೆ ಏರುತ್ತದೆ. ಒಳಗೆ ಭಾರವಾದ ಫ್ಲೈವೀಲ್ ತಿರುಗುತ್ತಿರುತ್ತದೆ. ಥ್ರಾಟಲ್ ಮುಚ್ಚಿದರೂ ಆ ಫ್ಲೈವೀಲ್ ಬೈಕನ್ನು ಎಳೆಯುತ್ತಲೇ ಇರುತ್ತದೆ, ಎಂಜಿನ್ ಉಸಿರು ಬಿಡುವ ಮುನ್ನ ಇನ್ನೊಂದು ಬಡಿತ, ಮತ್ತೊಂದು ಬಡಿತ. ಹಳೆಯ ಬುಲೆಟ್ ಓಡಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮೂರನೇ ಗೇರಿನಲ್ಲಿ ನಡಿಗೆಯ ವೇಗಕ್ಕೆ ಇಳಿದರೂ ಒದ್ದಾಡದೆ ಎಳೆದುಕೊಂಡು ಹೋಗುವ ಆ ಗುಣವೇ ಟ್ರಯಲ್ಸ್ ಸವಾರನ ಬಂಡವಾಳ. ಚಿಕ್ಕ ಎಂಜಿನ್ನು ರೊಯ್ಯನೆ ತಿರುಗಿದರೆ ಹಿಂದಿನ ಚಕ್ರ ಒದ್ದೆ ಕಲ್ಲಿನ ಮೇಲೆ ಗಿರಗಿರನೆ ಸುತ್ತಿ ಜಾರುತ್ತದೆ. ದೊಡ್ಡ ಸಿಂಗಲ್‌ನಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಟೈರು ಕಲ್ಲನ್ನು ಕಚ್ಚಿಕೊಳ್ಳಲು ಬಿಡುವು ಸಿಗುತ್ತದೆ.

ಆದರೆ ಭಾರ? ಅದೇ ಇದರ ಶತ್ರು. ಏರಿಯಲ್ 1950ರ ದಶಕದ ನಡುವಿನಲ್ಲಿ ಟ್ರಯಲ್ಸ್‌ಗೆಂದೇ ಹೊರತಂದ ಎಚ್‌ಟಿ5 ಮಾದರಿಯ ತೂಕ ಸುಮಾರು 130 ಕಿಲೊ. ಅಲ್ಯುಮಿನಿಯಂ ಸಿಲಿಂಡರ್, ಅಲ್ಯುಮಿನಿಯಂ ಹೆಡ್, ಬರ್ಮನ್ ಗೇರ್‌ಬಾಕ್ಸ್, ಹಿಂದೆ ಸ್ವಿಂಗ್ ಆರ್ಮ್ ಎಲ್ಲ ಇದ್ದ ಒಳ್ಳೆಯ ಬೈಕೇ. ಇಂದಿನ ಬುಲೆಟ್ 350 ಅದಕ್ಕಿಂತ ಅರವತ್ತು ಕಿಲೊಗೂ ಹೆಚ್ಚು ಭಾರ ಇದೆ ಎಂಬುದನ್ನು ನೆನೆದರೆ 130 ದೊಡ್ಡದೆನಿಸದು. ಆದರೆ ಸೊಂಟದೆತ್ತರದ ಬಂಡೆಯ ಮೇಲೆ ಮುಂದಿನ ಚಕ್ರ ಎತ್ತಿ ಇಟ್ಟು, ಹಿಂದಿನದನ್ನು ಎಳೆದುಕೊಳ್ಳುವಾಗ ಒಂದೊಂದು ಕಿಲೊ ಕೂಡ ತೋಳಿಗೆ, ಮಂಡಿಗೆ ಗೊತ್ತಾಗುತ್ತದೆ.

ಇಲ್ಲಿಗೆ ಸ್ಯಾಮಿ ಮಿಲ್ಲರ್ ಬರುತ್ತಾರೆ. 1933ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು. ಮೊದಲು ಹೆಸರು ಮಾಡಿದ್ದು ರಸ್ತೆ ರೇಸಿನಲ್ಲೂ ಹೌದು. 1957ರಲ್ಲಿ ಇಟಲಿಯ ಮೊಂಡಿಯಲ್ ತಂಡಕ್ಕೆ ಓಡಿಸಿ 250 ಸಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂರನೆಯವರಾದರು. ಅದೇ ವರ್ಷದ ಐಲ್ ಆಫ್ ಮ್ಯಾನ್ ಟಿಟಿಯಲ್ಲಿ ಮುಂದಿದ್ದವರು ಗುರಿಗೆ ಕೂಗಳತೆ ದೂರದ ಗವರ್ನರ್ಸ್ ಬ್ರಿಡ್ಜ್ ತಿರುವಿನಲ್ಲಿ ಬಿದ್ದು, ಬೈಕನ್ನು ತಳ್ಳಿಕೊಂಡೇ ಗೆರೆ ದಾಟಿ ಐದನೆಯ ಸ್ಥಾನ ಪಡೆದರು. ಇಂಥವರು ವೇಗದ ದಾರಿ ಬಿಟ್ಟು ನಿಧಾನದ ಆಟಕ್ಕೆ ಪೂರ್ತಿ ಒಪ್ಪಿಸಿಕೊಂಡರು. ಏರಿಯಲ್ ಕಾರ್ಖಾನೆಯ ಸ್ಪರ್ಧಾ ವಿಭಾಗ ಸೇರಿದ ಮೇಲೆ ಅವರ ಕೈಗೆ ಬಂದ ಬೈಕ್ ಜಿಒವಿ 132.

ಮಿಲ್ಲರ್ ಒಳ್ಳೆಯ ಸವಾರ ಮಾತ್ರ ಆಗಿದ್ದರೆ ಈ ಬೈಕ್ ಇಷ್ಟು ಮುಖ್ಯವಾಗುತ್ತಿರಲಿಲ್ಲ. ಅವರು ಪಾನಾ ಹಿಡಿಯಬಲ್ಲ ಸವಾರ. ಶನಿವಾರ ಸೆಕ್ಷನ್ನಿನಲ್ಲಿ ಎಲ್ಲಿ ಅಂಕ ಹೋಯಿತು ಎಂಬುದನ್ನು ಸೋಮವಾರ ವರ್ಕ್‌ಷಾಪಿನಲ್ಲಿ ಹುಡುಕುವ ಜಾತಿ. ಒಂದು ಹೊಸ ಭಾಗವನ್ನು ಸೇರಿಸುವುದಕ್ಕಿಂತ ಇರುವ ಭಾಗವನ್ನು ತೆಗೆಯುವುದು ಹೇಗೆ, ತೆಗೆಯಲಾಗದಿದ್ದರೆ ಹಗುರ ಮಾಡುವುದು ಹೇಗೆ ಎಂಬುದೇ ಅವರ ಯೋಚನೆ. ಉಕ್ಕಿನ ಟ್ಯಾಂಕ್ ಹೋಗಿ ಫೈಬರ್‌ಗ್ಲಾಸ್ ಬಂತು. ಸೀಟಿನ ತಳ, ಮಡ್‌ಗಾರ್ಡ್ ಹಗುರವಾದವು. ಚಕ್ರದ ಹಬ್‌ಗಳು ಬದಲಾದವು. ಬೋಲ್ಟಿನ ನಡುವೆ ಡ್ರಿಲ್ ಹಾಕಿ ಟೊಳ್ಳು ಮಾಡಿದರು. ಒಂದು ಬೋಲ್ಟಿನಿಂದ ಉಳಿಯುವುದು ಎಷ್ಟೋ ಗ್ರಾಂ. ಬೈಕಿನ ಉದ್ದಕ್ಕೂ ಕೂಡಿಸಿದರೆ ಅದು ಕಿಲೊಗಳಿಗೆ ಹೋಗುತ್ತದೆ.

ಆಮೇಲೆ ಚಾಸಿಗೇ ಕೈ ಹಾಕಿದರು. ಕಾರ್ಖಾನೆಯ ಚಾಸಿ ಬದಲಿಗೆ ರೆನಾಲ್ಡ್ಸ್ 531 ಕೊಳವೆಯಿಂದ ಹೊಸದನ್ನು ಕಟ್ಟಲಾಯಿತು. ರೆನಾಲ್ಡ್ಸ್ ಕೂಡ ಬರ್ಮಿಂಗ್‌ಹ್ಯಾಮಿನದೇ ಕಂಪನಿ. ಅದರ 531 ಎಂಬ ಮ್ಯಾಂಗನೀಸ್-ಮಾಲಿಬ್ಡಿನಂ ಉಕ್ಕಿನ ಕೊಳವೆ ರೇಸಿಂಗ್ ಸೈಕಲ್‌ಗಳಿಂದ ಹಿಡಿದು ನಾರ್ಟನ್ ರೇಸರ್‌ವರೆಗೆ ಹೆಸರು ಗಳಿಸಿತ್ತು. ಗೋಡೆ ತೆಳು, ಬಲ ಹೆಚ್ಚು. ಹೊಸ ಚಾಸಿಯಲ್ಲಿ ಎರಡು ಚಕ್ರಗಳ ನಡುವಿನ ಅಂತರ, ಮುಂದಿನ ಫೋರ್ಕಿನ ಓರೆ, ಫುಟ್‌ರೆಸ್ಟಿನ ಜಾಗ, ಎಂಜಿನ್ ತಳಕ್ಕೂ ನೆಲಕ್ಕೂ ಇರುವ ಎತ್ತರ ಎಲ್ಲವೂ ಸವಾರನ ಮೈಯಳತೆಗೆ, ಬಂಡೆಯ ಅಳತೆಗೆ ಹೊಂದಿಕೊಂಡವು. ಫುಟ್‌ರೆಸ್ಟ್ ಎಲ್ಲಿರಬೇಕು ಎಂಬುದು ಕೇಳಲು ಸಣ್ಣ ವಿಷಯ. ಟ್ರಯಲ್ಸ್‌ನಲ್ಲಿ ಸವಾರ ಕೂರುವುದೇ ಅಪರೂಪ, ಎದ್ದು ನಿಂತೇ ಓಡಿಸುತ್ತಾನೆ. ಅವನ ಎಪ್ಪತ್ತು ಕಿಲೊ ತೂಕ ನಿಲ್ಲುವುದು ಆ ಎರಡು ಕಬ್ಬಿಣದ ತುಂಡುಗಳ ಮೇಲೆ. ಅವನ್ನು ಎರಡು ಬೆರಳು ಹಿಂದಕ್ಕೆ ಸರಿಸಿದರೆ ಹಿಂದಿನ ಟೈರಿಗೆ ಬೀಳುವ ಒತ್ತಡವೇ ಬದಲಾಗುತ್ತದೆ, ಮುಂದಿನ ಚಕ್ರ ಎತ್ತುವುದು ಸಲೀಸಾಗುತ್ತದೆ.

ಕೊನೆಗೆ ತಕ್ಕಡಿಯ ಮೇಲೆ ಬೈಕ್ ತೂಗಿದ್ದು ಸುಮಾರು 110 ಕಿಲೊ. ಇಪ್ಪತ್ತು ಕಿಲೊ ಇಳಿದಿತ್ತು. 500 ಸಿಸಿಯ ಬಡಿತ ಹಾಗೇ ಇತ್ತು.

ಇದು ಬೆಟ್ಟದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪೈಪ್‌ಲೈನ್ ಎಂಬ ಸೆಕ್ಷನ್ನಿನಿಂದ ತಿಳಿಯಬಹುದು. ಸ್ಕಾಟ್ಲೆಂಡಿನ ಕಿನ್‌ಲಾಕ್‌ಲೆವೆನ್ ಹಳ್ಳಿಯಲ್ಲಿದ್ದ ಅಲ್ಯುಮಿನಿಯಂ ಕಾರ್ಖಾನೆಗೆ ವಿದ್ಯುತ್ ಮಾಡಲೆಂದು ಬೆಟ್ಟದ ಮೇಲಿನಿಂದ ನೀರು ತರಲು ಹಾಕಿದ ದೈತ್ಯ ಕೊಳವೆಗಳಿವೆ. ಅವುಗಳ ಪಕ್ಕದ ಕಡಿದಾದ ಕಲ್ಲು ಇಳಿಜಾರೇ ಸೆಕ್ಷನ್. ಸವಾರ ಕೆಳಗೆ ನಿಂತು ಒಮ್ಮೆ ದಾರಿ ನೋಡಿಕೊಳ್ಳುತ್ತಾನೆ. ಟೈರಿನ ಗಾಳಿಯನ್ನು ಮೊದಲೇ ಬಹಳ ಕಡಿಮೆ ಮಾಡಿಕೊಂಡಿರುತ್ತಾನೆ, ರಬ್ಬರು ಕಲ್ಲಿನ ಮೂಲೆಗೆ ಅಂಟಿ ಬಾಗಲಿ ಎಂದು. ರಿಮ್ಮಿನೊಳಗೆ ಟೈರು ಜಾರದಂತೆ ಸೆಕ್ಯುರಿಟಿ ಬೋಲ್ಟ್ ಬಿಗಿದಿರುತ್ತದೆ. ಮೊದಲ ಗೇರು. ಹ್ಯಾಂಡಲ್ ಮೇಲಿನ ಪುಟ್ಟ ಲಿವರ್ ಎಳೆದು ಮ್ಯಾಗ್ನೆಟೊ ಕಿಡಿಯನ್ನು ತುಸು ತಡವಾಗಿಸಿದರೆ ಬಡಿತ ಇನ್ನೂ ಮೆತ್ತಗಾಗುತ್ತದೆ. ಬೈಕ್ ಏರತೊಡಗಿದಾಗ ಹೊಗೆಯ ಒಂದೊಂದು ಹೊಡೆತವನ್ನೂ ಎಣಿಸಬಹುದು. ಮುಂದಿನ ಚಕ್ರ ಬಂಡೆಗೆ ತಾಗುವ ಮುನ್ನ ಮೈ ಹಿಂದಕ್ಕೆ, ತಾಗಿದೊಡನೆ ಮುಂದಕ್ಕೆ. ಹಿಂದಿನ ಚಕ್ರ ಜಾರಿದರೆ ಥ್ರಾಟಲ್ ಹೆಚ್ಚಿಸುವ ಬದಲು ಕಡಿಮೆ ಮಾಡಬೇಕು. ಹೊಸಬರ ಕೈ ಇದನ್ನು ಕಲಿಯುವಷ್ಟರಲ್ಲಿ ವರ್ಷಗಳಾಗುತ್ತವೆ. ಅರ್ಧ ದಾರಿಯಲ್ಲಿ ಬಂಡೆಯೊಂದು ಉರುಳಿದರೆ ಹ್ಯಾಂಡಲ್ ಪಕ್ಕಕ್ಕೆ ಎಳೆಯುತ್ತದೆ, ಆಗ ಬೂಟು ತಾನಾಗಿ ನೆಲದ ಕಡೆ ಹೋಗುತ್ತದೆ. ಅದನ್ನು ತಡೆದು ಫುಟ್‌ರೆಸ್ಟಿನ ಮೇಲೇ ಇಟ್ಟುಕೊಂಡವನು ಗೆಲ್ಲುತ್ತಾನೆ.

ಮಿಲ್ಲರ್ ಹೀಗೆ ಇಟ್ಟುಕೊಂಡರು. 1959ರಿಂದ 1969ರವರೆಗೆ ಸತತ 11 ವರ್ಷ ಅವರೇ ಬ್ರಿಟಿಷ್ ಟ್ರಯಲ್ಸ್ ಚಾಂಪಿಯನ್. 1962ರಲ್ಲೂ 1964ರಲ್ಲೂ ಏರಿಯಲ್ ಮೇಲೆ ಸ್ಕಾಟಿಷ್ ಗೆದ್ದರು. ಜೀವಮಾನದಲ್ಲಿ ಗೆದ್ದ ಸ್ಪರ್ಧೆಗಳು ಸಾವಿರ ದಾಟುತ್ತವೆ.

ಈ ಕಥೆಯಲ್ಲಿ ನಮ್ಮ ಬುಲೆಟ್‌ಗೂ ಒಂದು ಪಾಲಿದೆ. ನಮ್ಮಲ್ಲಿ ಪೊಲೀಸರ, ಜಮೀನ್ದಾರರ, ಕಾಫಿ ತೋಟದ ಮಾಲೀಕರ ಗಾಡಿ ಎಂದು ಹೆಸರಾದ ಬುಲೆಟ್, ಇಂದಿನ ರೂಪದ ಬೀಜ ಹೊತ್ತು ಮೊದಲು ಹೊರಬಂದದ್ದು ಟ್ರಯಲ್ಸ್ ಬೈಕಾಗಿ. 1948ರ ಆರಂಭದಲ್ಲಿ ಇಂಗ್ಲೆಂಡಿನ ಕಾಲ್ಮೋರ್ ಕಪ್ ಟ್ರಯಲ್‌ಗೆ ರೆಡ್ಡಿಚ್‌ನ ರಾಯಲ್ ಎನ್‌ಫೀಲ್ಡ್ ಕಂಪನಿ ಪ್ರಾಯೋಗಿಕ 350 ಬುಲೆಟ್‌ಗಳನ್ನು ಇಳಿಸಿತು. ಅವುಗಳ ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್, ಎರಡು ಕಡೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್. ಆ ಕಾಲದ ಟ್ರಯಲ್ಸ್ ಬೈಕ್‌ಗಳಿಗೆ ಹಿಂದೆ ಸ್ಪ್ರಿಂಗೇ ಇರುತ್ತಿರಲಿಲ್ಲ. ಸ್ಪ್ರಿಂಗ್ ಇದ್ದರೆ ಚಕ್ರ ಕಲ್ಲಿನ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ ಎಂಬುದು ಅನುಭವಿಗಳ ಬಲವಾದ ನಂಬಿಕೆ. ಅದೇ ವರ್ಷ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್‌ನಲ್ಲಿ ಬುಲೆಟ್ ಸವಾರರಿಬ್ಬರು ಚಿನ್ನದ ಪದಕ ತಂದರು. ಅವರಲ್ಲಿ ಒಬ್ಬರು ವಿಕ್ ಬ್ರಿಟನ್. ಅವರ ಮಗ ಜಾನಿ ಬ್ರಿಟನ್ 1952ರಲ್ಲೂ 1957ರಲ್ಲೂ ಬುಲೆಟ್ ಮೇಲೆ ಸ್ಕಾಟಿಷ್ ಗೆದ್ದು ವಾದಕ್ಕೆ ತೆರೆ ಎಳೆದರು. ಎಚ್‌ಎನ್‌ಪಿ 331 ಎಂಬ ಅವರ ಬೈಕಿನ ನಂಬರೂ ಜಿಒವಿ 132ರಂತೆ ಮನೆಮಾತು. ರಾಯಲ್ ಎನ್‌ಫೀಲ್ಡ್ 2019ರಲ್ಲಿ ಭಾರತದಲ್ಲಿ ಬಿಟ್ಟ 'ಬುಲೆಟ್ ಟ್ರಯಲ್ಸ್' ಮಾದರಿ ಜಾನಿ ಬ್ರಿಟನ್ ನೆನಪಿಗೇ ಮಾಡಿದ್ದು.

ಹೀಗಾಗಿ 1950ರ ದಶಕದಲ್ಲಿ ಭಾರತದ ಸೇನೆ ಗಡಿ ಕಾಯಲು ಬುಲೆಟ್ ಆರಿಸಿಕೊಂಡಾಗ, 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ರೆಡ್ಡಿಚ್ ಕಂಪನಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದಾಗ, ನಮ್ಮ ನೆಲಕ್ಕೆ ಬಂದದ್ದು ಸ್ಕಾಟ್ಲೆಂಡಿನ ಬೆಟ್ಟದಲ್ಲಿ ಹದಗೊಂಡ ಯಂತ್ರವೇ. ಮಲೆನಾಡಿನ ತೋಟದ ದಾರಿಯಲ್ಲಿ ಆಷಾಢದ ಕೆಸರಲ್ಲಿ ಬುಲೆಟ್ ಕೈಕೊಡದೆ ನಡೆದದ್ದಕ್ಕೆ ಈ ಹಿನ್ನೆಲೆಯೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಅತ್ತ ಏರಿಯಲ್‌ಗೆ ಬೇರೆ ಗತಿ ಕಾದಿತ್ತು. ಆ ಹೊತ್ತಿಗೆ ಕಂಪನಿ ಬಿಎಸ್‌ಎ ಒಡೆತನದಲ್ಲಿತ್ತು. 1958ರಲ್ಲಿ ಲೀಡರ್ ಎಂಬ 250 ಸಿಸಿಯ ಟೂ-ಸ್ಟ್ರೋಕ್ ಬಿಟ್ಟ ಮೇಲೆ ಹಳೆಯ ಫೋರ್-ಸ್ಟ್ರೋಕ್ ಸಾಲನ್ನೇ ಏರಿಯಲ್ 1959ರಲ್ಲಿ ನಿಲ್ಲಿಸಿತು. ರೆಡ್ ಹಂಟರ್ ಹೋಯಿತು, ಅದರೊಂದಿಗೆ ಎಚ್‌ಟಿ5 ಕೂಡ. ಅಂದರೆ ಮಿಲ್ಲರ್ ತಮ್ಮ ಅತಿ ದೊಡ್ಡ ಗೆಲುವುಗಳನ್ನು ಗಳಿಸಿದ್ದು ಅಂಗಡಿಯಲ್ಲಿ ಕೊಳ್ಳಲು ಸಿಗದ, ಕಾರ್ಖಾನೆ ಕೈಬಿಟ್ಟ ಬೈಕಿನ ಮೇಲೆ. ಸಾಮಾನ್ಯವಾಗಿ ಕಂಪನಿಗಳು ಸ್ಪರ್ಧೆಗೆ ಹಣ ಸುರಿಯುವುದೇ ಭಾನುವಾರ ಗೆದ್ದ ಬೈಕನ್ನು ಸೋಮವಾರ ಮಾರಲು. ಇಲ್ಲಿ ಭಾನುವಾರದ ಗೆಲುವಿತ್ತು, ಸೋಮವಾರ ಮಾರಲು ಬೈಕೇ ಇರಲಿಲ್ಲ. ಬ್ರಿಟಿಷ್ ಮೋಟಾರ್ ಸೈಕಲ್ ಉದ್ಯಮ ತನ್ನ ಕೈಯಲ್ಲಿದ್ದ ಜ್ಞಾನಕ್ಕೆ ಬೆಲೆ ಕಟ್ಟಲು ಸೋತಿತು ಎಂಬುದಕ್ಕೆ ಇದಕ್ಕಿಂತ ನಿಚ್ಚಳ ಉದಾಹರಣೆ ನನಗೆ ಕಾಣದು.

ಬೆಲೆ ಕಟ್ಟಿದ್ದು ಸ್ಪೇನ್. ಬಾರ್ಸಿಲೋನಾದ ಬುಲ್ಟಾಕೊ ಕಂಪನಿಯ ಸ್ಥಾಪಕ ಫ್ರಾನ್ಸಿಸ್ಕೊ ಬುಲ್ಟೊ 1964ರಲ್ಲಿ ಮಿಲ್ಲರ್ ಅವರನ್ನು ಕರೆಸಿಕೊಂಡರು. ತಮ್ಮ ತೋಟದ ಜಮೀನಿನ ಕಲ್ಲುಗುಡ್ಡವನ್ನೇ ಪ್ರಯೋಗಶಾಲೆಯಾಗಿ ಬಿಟ್ಟುಕೊಟ್ಟರು. ಹನ್ನೆರಡು ದಿನಗಳಲ್ಲಿ, ಹಗಲು ಓಡಿಸಿ ರಾತ್ರಿ ಕತ್ತರಿಸಿ ಬೆಸೆದು, 244 ಸಿಸಿಯ ಟೂ-ಸ್ಟ್ರೋಕ್ ಟ್ರಯಲ್ಸ್ ಬೈಕ್ ಸಿದ್ಧವಾಯಿತು. ಶೆರ್ಪಾ ಎಂದು ಹೆಸರಿಟ್ಟರು. ತೂಕ ಸುಮಾರು 90 ಕಿಲೊ. ಅಷ್ಟು ಬೇಗ ಮುಗಿದದ್ದು ಹೇಗೆ? ಏರಿಯಲ್ ಮೇಲೆ ವರ್ಷಗಟ್ಟಲೆ ಕಲಿತ ಅಳತೆಗಳೆಲ್ಲ ಮಿಲ್ಲರ್ ತಲೆಯಲ್ಲಿದ್ದವು. ಫುಟ್‌ರೆಸ್ಟ್ ಎಲ್ಲಿ, ಫೋರ್ಕ್ ಎಷ್ಟು ಓರೆ, ಫ್ಲೈವೀಲ್ ಎಷ್ಟು ಭಾರ ಎಂಬುದನ್ನು ಹೊಸದಾಗಿ ಹುಡುಕಬೇಕಿರಲಿಲ್ಲ. 1965ರಲ್ಲಿ ಶೆರ್ಪಾ ಮೇಲೆ ಅವರು ಸ್ಕಾಟಿಷ್ ಗೆದ್ದಾಗ, ವಿದೇಶಿ ಬೈಕೊಂದು ಆ ಸ್ಪರ್ಧೆಯನ್ನು ಗೆದ್ದದ್ದು ಅದೇ ಮೊದಲು. 1967, 1968ರಲ್ಲೂ ಅದೇ ಬಗೆಯ ಬೈಕ್, ಅದೇ ಸವಾರ. ಭಾರಿ ಬ್ರಿಟಿಷ್ ಸಿಂಗಲ್‌ಗಳ ಕಾಲ ಅಲ್ಲಿಗೆ ಮುಗಿಯಿತು. ಏರಿಯಲ್ ಅನ್ನು ಎತ್ತರಕ್ಕೆ ಒಯ್ದ ಕೈಯೇ ಅದರ ಯುಗವನ್ನೂ ಮುಗಿಸಿತು.

ಇನ್ನು ಮರಳಿ ಕಟ್ಟುವ ವಿಷಯ. ಇವತ್ತು ಜಿಒವಿ 132 ಇರುವುದು ಮಿಲ್ಲರ್ ಕೈಯಿಂದ ಹೊರಬಂದ ಕೊನೆಯ ರೂಪದಲ್ಲಿ: ಹಗುರ ಚಾಸಿ, ಫೈಬರ್‌ಗ್ಲಾಸ್ ಟ್ಯಾಂಕ್, ಟೊಳ್ಳು ಮಾಡಿದ ಬೋಲ್ಟುಗಳೊಂದಿಗೆ. 1950ರ ದಶಕದ ಕ್ಯಾಟಲಾಗ್ ಹಿಡಿದು ಇದನ್ನು 'ಮೂಲಕ್ಕೆ' ತರಲು ಹೊರಟಿದ್ದರೆ, ಉಕ್ಕಿನ ಟ್ಯಾಂಕ್ ಹಾಕಿ, ಕಾರ್ಖಾನೆ ಚಾಸಿಗೆ ಎಂಜಿನ್ ಕೂರಿಸಿದ್ದರೆ ಅದು ಇನ್ನೊಂದು ಎಚ್‌ಟಿ5 ಆಗುತ್ತಿತ್ತು. ಎಚ್‌ಟಿ5ಗಳು ಬೇರೆಯೂ ಇವೆ. ಈ ಬೈಕಿನಲ್ಲಿ ಉಳಿಸಬೇಕಾದ್ದು ಕಾರ್ಖಾನೆ ಮಾಡಿದ್ದಕ್ಕಿಂತ ಹೆಚ್ಚಾಗಿ ಸವಾರ ಮಾಡಿದ್ದು. ಒಂದು ಬ್ರ್ಯಾಕೆಟ್ಟಿನ ತುದಿಯನ್ನು ಗರಗಸದಿಂದ ಕೊಯ್ದಿದ್ದರೆ, ಆ ಕೊಯ್ತ ಒಂದು ನಿರ್ಧಾರದ ದಾಖಲೆ. ಅದರ ಮೇಲೆ ವೆಲ್ಡಿಂಗ್ ತುಂಬಿ, ಅರದಿಂದ ತೀಡಿ, ಹೊಳೆಯುವ ಪೌಡರ್ ಕೋಟಿಂಗ್ ಬಳಿದರೆ ದಾಖಲೆ ಅಳಿಸಿದಂತೆ.

ಆದರೆ ಏನನ್ನೂ ಮುಟ್ಟದೆ ಹಾಗೇ ಇಡುವುದೂ ಸಾಧ್ಯವಿಲ್ಲ. ಈ ಬೈಕ್‌ಗಳಿಗೆ ತಮ್ಮದೇ ಕಾಯಿಲೆಗಳಿವೆ. ಆ ಕಾಲದ ಲ್ಯೂಕಾಸ್ ಮ್ಯಾಗ್ನೆಟೊಗಳ ಒಳಗಿನ ಸುರುಳಿಗೆ ಅರಗಿನ ಲೇಪ ಇರುತ್ತದೆ. ದಶಕಗಳಾದ ಮೇಲೆ ಬಿಸಿಯಾದಾಗ ಅದು ಮೆತ್ತಗಾಗಿ ಕಿಡಿ ಸೋರುತ್ತದೆ. ಬೆಳಿಗ್ಗೆ ಒಂದೇ ಕಿಕ್ಕಿಗೆ ಎದ್ದ ಎಂಜಿನ್, ಅರ್ಧ ಗಂಟೆ ಓಡಿ ನಿಂತರೆ ಎಷ್ಟು ಒದ್ದರೂ ಏಳುವುದಿಲ್ಲ. ಕಾರ್ಬುರೇಟರ್ ಬಿಚ್ಚಿ, ಪ್ಲಗ್ ಬದಲಿಸಿ ಸುಸ್ತಾದ ಮೇಲೆ ಮ್ಯಾಗ್ನೆಟೊ ಕಡೆ ನೋಡುವವರೇ ಹೆಚ್ಚು. ಸುರುಳಿಯನ್ನು ಹೊಸದಾಗಿ ಸುತ್ತಿಸಿ ಕಂಡೆನ್ಸರ್ ಬದಲಿಸುವುದೊಂದೇ ಮದ್ದು. ಇದು ಹೊರಗೆ ಕಾಣದ ರಿಪೇರಿ, ಮಾಡಲೇಬೇಕು.

ಫೈಬರ್‌ಗ್ಲಾಸ್ ಟ್ಯಾಂಕಿನ ಕಷ್ಟ ಈಚಿನದು. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಇದೆ. ಹಳೆಯ ಫೈಬರ್‌ಗ್ಲಾಸ್‌ನ ರಾಳವನ್ನು ಎಥನಾಲ್ ಕರಗಿಸುತ್ತದೆ. ಟ್ಯಾಂಕಿನ ಒಳಮೈ ಅಂಟಂಟಾಗಿ, ಆ ಅಂಟು ಪೆಟ್ರೋಲಿನೊಂದಿಗೆ ಇಳಿದು ಕಾರ್ಬುರೇಟರ್ ಜೆಟ್ಟಿನಲ್ಲಿ, ವಾಲ್ವಿನ ಕಾಂಡದ ಮೇಲೆ ಗಟ್ಟಿಯಾಗಿ ಕೂರುತ್ತದೆ. ನಮ್ಮಲ್ಲಿ ಈಗ ಬಂಕುಗಳಲ್ಲಿ ಸಿಗುವುದು ಶೇ 20ರ ಮಿಶ್ರಣ. ನಮ್ಮ ಹಳೆಯ ಬೈಕ್‌ಗಳ ಟ್ಯಾಂಕ್ ಉಕ್ಕಿನದಾದರೂ ಪೆಟ್ರೋಲ್ ಪೈಪು, ರಬ್ಬರ್ ವಾಷರ್‌ಗಳಿಗೆ ಇದೇ ಅಪಾಯ ಇದೆ. ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕ್ ಖಾಲಿ ಮಾಡಿಡುವುದು ಒಳ್ಳೆಯದು.

ಮತ್ತೆ ನಟ್ಟು ಬೋಲ್ಟುಗಳ ಸಂಗತಿ. ಹಳೆಯ ಬ್ರಿಟಿಷ್ ಬೈಕ್‌ನಲ್ಲಿ ಮಿಲಿಮೀಟರ್ ಅಳತೆಯ ನಟ್ಟಿರುವುದಿಲ್ಲ. ಕೆಲವು ಕಡೆ ವಿಟ್‌ವರ್ತ್ ಥ್ರೆಡ್, ಬಹಳ ಕಡೆ ಇಂಚಿಗೆ 26 ಸುತ್ತಿನ ಸೈಕಲ್ ಥ್ರೆಡ್. ವಿಟ್‌ವರ್ತ್ ಪಾನಾದ ಮೇಲೆ ಬರೆದ ಅಂಕಿ ನಟ್ಟಿನ ಅಗಲದ್ದಲ್ಲ, ಬೋಲ್ಟಿನ ದಪ್ಪದ್ದು. ಇದು ಗೊತ್ತಿಲ್ಲದವರು ಹತ್ತಿರದ ಮಿಲಿಮೀಟರ್ ಪಾನಾ ಹಾಕಿ ತಿರುಗಿಸುತ್ತಾರೆ, ನಟ್ಟಿನ ಮೂಲೆ ಸವೆಯುತ್ತದೆ, ಆಮೇಲೆ ಉಳಿ ಇಟ್ಟು ಹೊಡೆಯುತ್ತಾರೆ. ಅಲ್ಯುಮಿನಿಯಂ ಕೇಸಿನಲ್ಲಿ ಥ್ರೆಡ್ ಹೋದರೆ ಕಥೆ ಮುಗಿದ ಹಾಗೆ, ಲೇತ್ ಅಂಗಡಿಗೆ ಹೊತ್ತು ಒಯ್ಯಬೇಕು. ಹಳೆಯ ಬುಲೆಟ್ ಬಿಚ್ಚಿ ಪಳಗಿದ ನಮ್ಮ ಮೇಸ್ತ್ರಿಗಳಿಗೆ ಈ ಥ್ರೆಡ್‌ಗಳು ಕೈಗೂಡಿದ ವಿದ್ಯೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳಲ್ಲಿ ನಟ್ಟನ್ನು ಬೆರಳಲ್ಲಿ ತಿರುವಿಯೇ ಥ್ರೆಡ್ ಯಾವುದೆಂದು ಹೇಳುವ ಹಿರಿಯರು ಇದ್ದಾರೆ. ಅವರ ನಂತರ ಆ ವಿದ್ಯೆ ಯಾರ ಕೈಗೆ ಹೋಗುತ್ತದೆ ಎಂಬ ಚಿಂತೆ ನನಗಿದೆ. ಅವರ ಬಳಿ ಕಲಿಯಲು ಹೋಗುವ ಹುಡುಗರು ಕಡಿಮೆಯಾಗಿದ್ದಾರೆ, ಕಲಿತದ್ದಕ್ಕೆ ಕೂಲಿಯೂ ಕಡಿಮೆ.

ಬ್ರಿಟನ್ನಿನಲ್ಲಿ ಈ ಹಳೆಯ ಬೈಕ್‌ಗಳು ಗಾಜಿನ ಹಿಂದೆ ಮಾತ್ರ ಉಳಿದಿಲ್ಲ. 1965ಕ್ಕೆ ಮುಂಚಿನ ಬೈಕ್‌ಗಳಿಗೆಂದೇ ಟ್ರಯಲ್ಸ್ ನಡೆಯುತ್ತವೆ. ಅವುಗಳಲ್ಲಿ ಪ್ರಸಿದ್ಧವಾದ್ದು ಕಿನ್‌ಲಾಕ್‌ಲೆವೆನ್‌ನಲ್ಲಿ, ಅದೇ ಪೈಪ್‌ಲೈನಿನ ಊರಲ್ಲಿ. ಮಿಲ್ಲರ್ ತಾವೇ ಎಪ್ಪತ್ತು ದಾಟಿದ ಮೇಲೂ ಹಳೆಯ ಬೈಕ್‌ಗಳ ಟ್ರಯಲ್ಸ್‌ನಲ್ಲಿ ಓಡಿಸಿದರು. ಆದರೆ ಅಲ್ಲೊಂದು ಜಗಳವೂ ಬೆಳೆದಿದೆ. ಹಳೆಯ ಬೈಕಿನ ಹೆಸರಿನಲ್ಲಿ ಟೈಟೇನಿಯಂ ಬೋಲ್ಟು, ಹೊಸದಾಗಿ ಎರಕ ಹೊಯ್ದ ಹಬ್ಬು, ಒಳಗೆಲ್ಲ ಇಂದಿನ ಬಿಡಿಭಾಗ ತುಂಬಿದ ಫೋರ್ಕು ಸೇರಿಸಿ ಕಟ್ಟಿದ ಬೈಕ್‌ಗಳು ಬರುತ್ತಿವೆ. ಹೊರಗೆ 1960, ಒಳಗೆ ಇವತ್ತು. ಇದನ್ನು ಒಪ್ಪುವವರು ಹೇಳುವುದು, ಮಿಲ್ಲರ್ ಕೂಡ ಬದಲಿಸುತ್ತಲೇ ಇದ್ದರಲ್ಲ ಎಂದು. ನನಗೆ ಈ ವಾದ ಒಪ್ಪಿಗೆಯಿಲ್ಲ. ಮಿಲ್ಲರ್ ಬದಲಿಸಿದ್ದು ತಮ್ಮ ಕಾಲದ ಉಕ್ಕು, ತಮ್ಮ ಕಾಲದ ಲೇತ್, ತಮ್ಮ ಕಾಲದ ಜ್ಞಾನದಿಂದ. ಇಂದಿನ ಭಾಗ ತುಂಬಿದ ಬೈಕ್ ಚೆನ್ನಾಗಿ ಕಲ್ಲು ಹತ್ತಬಹುದು, ಆದರೆ 1962ರಲ್ಲಿ ಕಲ್ಲು ಹತ್ತುವುದು ಎಷ್ಟು ಕಷ್ಟವಿತ್ತು ಎಂಬುದನ್ನು ಅದು ಹೇಳಲಾರದು. ಹಳೆಯ ಯಂತ್ರವನ್ನು ಓಡಿಸುವುದರ ಅರ್ಥವೇ ಆ ಕಷ್ಟವನ್ನು ಕೈಯಾರೆ ತಿಳಿಯುವುದು.

ನಮ್ಮಲ್ಲೂ ಈಗ ಇದು ಬೇಕಾದ ಮಾತು. ಎರಡನೇ ಮಹಾಯುದ್ಧದ ನಂತರ ಸೇನೆ ಮಾರಿದ ಬಿಎಸ್‌ಎ, ನಾರ್ಟನ್, ಮ್ಯಾಚ್‌ಲೆಸ್, ಏರಿಯಲ್‌ಗಳು ಇನ್ನೂ ಅಲ್ಲಲ್ಲಿ ಹಿತ್ತಲ ಶೆಡ್ಡುಗಳಲ್ಲಿವೆ. ಐವತ್ತು ಅರವತ್ತರ ದಶಕದ ಬುಲೆಟ್‌ಗಳಿವೆ, ಊರ ಮೋಟೊಕ್ರಾಸ್‌ನಲ್ಲಿ ಓಡಿದ ಯೆಜ್ಡಿಗಳಿವೆ. ಅವುಗಳಲ್ಲಿ ಯಾರೋ ಒಬ್ಬರು ಹ್ಯಾಂಡಲ್ ಬಗ್ಗಿಸಿದ್ದಾರೆ, ಇನ್ನೊಬ್ಬರು ಸೈಲೆನ್ಸರ್ ಎತ್ತಿ ಕಟ್ಟಿದ್ದಾರೆ, ತೋಟದ ಮೇಸ್ತ್ರಿ ಗೊಬ್ಬರದ ಮೂಟೆ ಹೊರಲು ಹಿಂದೆ ಪಟ್ಟಿ ಬೆಸೆದಿದ್ದಾರೆ. ಅಂಥ ಬೈಕ್ ನಿಮ್ಮ ಕೈಗೆ ಬಂದರೆ ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಎಂಜಿನ್ ನಂಬರು, ಚಾಸಿ ನಂಬರು ಬರೆದುಕೊಳ್ಳಿ. ತೆಗೆದ ಒಂದು ಬೋಲ್ಟನ್ನೂ ಗುಜರಿಗೆ ಹಾಕಬೇಡಿ, ಡಬ್ಬಿಯಲ್ಲಿಟ್ಟು ಎಲ್ಲಿಯದೆಂದು ಚೀಟಿ ಅಂಟಿಸಿ. ಅದನ್ನು ಓಡಿಸಿದವರು, ರಿಪೇರಿ ಮಾಡಿದವರು ಬದುಕಿದ್ದರೆ ಬಣ್ಣದ ಅಂಗಡಿಗೆ ಹೋಗುವ ಮುನ್ನ ಅವರ ಮನೆಗೆ ಹೋಗಿ, ಯಾವ ಬದಲಾವಣೆ ಯಾಕೆ ಮಾಡಿದಿರಿ ಎಂದು ಕೇಳಿ ಬರೆದಿಡಿ.